ಉಪ್ಪು ಬಿಟ್ಟ ವೈದ್ಯರು

ರೋಗಿ ಚೇತರಿಸಿಕೊಂಡಂತೆಲ್ಲ ತಾವು ಸೊರಗುತ್ತಾ ಹೋಗುವ ವೈದ್ಯರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಭದ್ರಾವತಿಯ ಹಳೇನಗರದಲ್ಲಿರುವ ನಮ್ಮ ದೊಡ್ಡಪ್ಪ! ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ತಂದೆಯಿಂದ ಕಲಿತ ನಾಟಿ ವೈದ್ಯವನ್ನು ಈಗ ಜಗಲಿಯ ಮೇಲೆ ಕೂತು ನಡೆಸುತ್ತಾರೆ. ಅವರ ಮನೆತನದ ಕಟ್ಟಳೆ ಒಂದೇ: ರೋಗಿಗೆ ಹೇಳಿದ ಪಥ್ಯವನ್ನು ವೈದ್ಯನೂ ಮಾಡಬೇಕು.

ಒಬ್ಬ ರೋಗಿಯಾದರೆ ಸರಿ. ಒಮ್ಮೆ ಮೂವರು ಒಟ್ಟಿಗೆ ಬಂದರು. ಒಬ್ಬರಿಗೆ ಹುಳಿ ಕೂಡದು, ಇನ್ನೊಬ್ಬರಿಗೆ ಖಾರ, ಮೂರನೆಯವರಿಗೆ ಅನ್ನ. ದೊಡ್ಡಮ್ಮ ಸೌಟು ಹಿಡಿದು ಹೊರಗೇ ಬಂದರು.

"ರೀ, ಇನ್ನೊಬ್ರು ಬಂದ್ರೆ ನಿಮಗೆ ಬರೀ ತಟ್ಟೆ ಬಡಿಸ್ತೀನಿ!"

"ತೊಳೆದು ಬಡಿಸೇ ಮಾರಾಯ್ತಿ, ನಿನ್ನೆ ಖಾರದ ವಾಸನೆ ಇನ್ನೂ ಹೋಗಿಲ್ಲ."

ಮೊಮ್ಮಗಳ ನಾಮಕರಣದಲ್ಲಿ ಹೋಳಿಗೆ ಬಂದಾಗ ದೊಡ್ಡಪ್ಪ ಎಲೆಗೆ ಕೈ ಅಡ್ಡ ಹಿಡಿದರು.

"ಯಾಕೆ, ಸಕ್ಕರೆ ಕಾಯಿಲೆನಾ?" ಎಂದರು ಬೀಗರು.

"ನನಗಲ್ಲ, ನಮ್ಮ ಬೀದಿ ಟೈಲರ್‌ಗೆ!"

ಇಂಥವರ ಕೈಗೆ ನಾನು ಸಿಕ್ಕಿದ್ದು ಕಾಲಿನ ಇಸುಬಿನಿಂದ. ಮುಲಾಮುಗಳು ಸೋತಿದ್ದವು, ಹೆಂಡತಿ ಬಲವಂತದಿಂದ ಕಳಿಸಿದಳು. ದೊಡ್ಡಪ್ಪ ಒಂದು ಡಬ್ಬಿ ಲೇಪ ಕೊಟ್ಟು, ಮೂರು ವಾರ ಉಪ್ಪು ಬಿಡು ಎಂದರು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದ ನಾನು ಸುಮ್ಮನಿರುತ್ತೇನೆಯೇ?

"ನೀವು ಉಪ್ಪು ಬಿಟ್ರೆ ನನ್ನ ಕಾಲು ಹೇಗೆ ವಾಸಿಯಾಗುತ್ತೆ ದೊಡ್ಡಪ್ಪ? ಇದ್ಯಾವ ವಿಜ್ಞಾನ?"

"ವಿಜ್ಞಾನ ಅಲ್ಲ ಮಾರಾಯ, ನಾಚಿಕೆ. ನಾನು ಸಪ್ಪೆ ತಿಂತಿದ್ರೆ ನಿನಗೆ ಕದ್ದು ತಿನ್ನೋಕೆ ನಾಚಿಕೆ ಆಗುತ್ತೆ."

ಆಗಲಿಲ್ಲ! ಅದೇ ಸಂಜೆ ನಮ್ಮೂರಿಗೆ ಮರಳಿ ಸವಳಂಗ ರಸ್ತೆಯ ಗಾಡಿಯೊಂದರ ಮುಂದೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಲೇಪದ ಡಬ್ಬಿ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿತ್ತು. ದೊಡ್ಡಪ್ಪ ದಿನವೂ ಫೋನ್ ಮಾಡುತ್ತಿದ್ದರು.

"ಉಪ್ಪು ಮುಟ್ಟಿಲ್ಲ ತಾನೇ?"

"ಛೇ, ಎಲ್ಲಾದ್ರೂ ಉಂಟಾ!"

ಮೂರು ವಾರ ಕಳೆದ ಮೇಲೆ ಹೋಗಿ ಕಾಲು ತೋರಿಸಿದೆ. ಇಸುಬು ಇದ್ದಲ್ಲೇ ಆರಾಮವಾಗಿ ಕೂತಿತ್ತು. ದೊಡ್ಡಪ್ಪನ ಮುಖ ಸಣ್ಣದಾಯಿತು.

"ನಾನೇ ಎಲ್ಲೋ ತಪ್ಪಿದ್ದೀನಿ ಕಣೋ. ಬೇರು ಹಳೇದಾಗಿತ್ತೋ ಏನೋ. ಇನ್ನೂ ಮೂರು ವಾರ ಮಾಡೋಣ."

ನಾನು ಏನು ಮಾಡಿದೆ ಗೊತ್ತೇ? ತಲೆಯಾಡಿಸಿದೆ! ನಿಜ ಹೇಳುವುದಕ್ಕಿಂತ ಅದು ಸುಲಭವಿತ್ತು.

ಒಂದು ಬೆಳಿಗ್ಗೆ ದೊಡ್ಡಮ್ಮನ ಫೋನು. "ಬಚ್ಚಲಿಗೆ ಹೋಗ್ತಾ ತಲೆ ಸುತ್ತಿ ಬಿದ್ರು ಕಣೋ. ಮೈಯಲ್ಲಿ ಉಪ್ಪಿನಂಶ ಕಮ್ಮಿಯಾಗಿದೆ ಅಂದ್ರು ಡಾಕ್ಟ್ರು. ಉಪ್ಪು ತಿನ್ನಿ ಅಂದ್ರೆ ಮನೆಗೆ ಬಂದು ಮತ್ತೆ ಸಪ್ಪೆ ಗಂಜಿ! ಅವನ ಕಾಲು ವಾಸಿಯಾಗ್ಲಿ ಅಂತಾರೆ. ನಿನ್ನ ಕಾಲು ಹೇಗಿದೆಯಪ್ಪ?"

ಬಸ್ಸಿನಲ್ಲಿ ಭದ್ರಾವತಿಯವರೆಗೂ ನನಗೆ ತಲೆ ಎತ್ತಲಾಗಲಿಲ್ಲ. ಹೋದವನೇ ಮಂಚದ ಪಕ್ಕ ನಿಂತು ನಾನಾಗಿಯೇ ಎಲ್ಲವನ್ನೂ ಹೇಳಿಬಿಟ್ಟೆ ಎಂದು ನನ್ನ ನೆನಪು. ಆದರೆ ಬಜ್ಜಿಯ ಸುದ್ದಿ ಮೊದಲೇ ತನ್ನ ಕಿವಿಗೆ ಬಿದ್ದಿತ್ತು, ತಾನೇ ಕೆದಕಿ ಕೇಳಿದೆ ಎನ್ನುತ್ತಾರೆ ದೊಡ್ಡಮ್ಮ. ಇರಬಹುದು. ನನ್ನ ನೆನಪು ನನಗೆ ತೀರಾ ಅನುಕೂಲವಾಗಿದೆ, ಅದಕ್ಕೇ ಅದರ ಮೇಲೆ ಅನುಮಾನ.

"ಒಂದು ದಿನಾನೂ ಉಪ್ಪು ಬಿಡಲಿಲ್ಲ ದೊಡ್ಡಪ್ಪ. ಲೇಪಾನೂ ಹಚ್ಚಲಿಲ್ಲ."

ಬೈಯಲಿ ಎಂದು ಕಾದೆ. ಅವರು ದಿಂಬಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು.

"ಅಬ್ಬ! ಹಾಗಾದ್ರೆ ಔಷಧಿ ಕೆಟ್ಟಿಲ್ಲ! ಏ ಇವಳೇ, ಗಂಜಿಗೆ ಉಪ್ಪಿನಕಾಯಿ ತಾರೇ. ಅವನೇ ಬಿಟ್ಟಿಲ್ಲ, ನಾನ್ಯಾಕೆ ಬಿಡ್ಲಿ!"

ಎಷ್ಟೋ ದಿನಗಳ ಮೇಲೆ ಉಪ್ಪು ಕಂಡ ನಾಲಿಗೆ ಚಪ್ಪರಿಸಿ ಉಂಡರು. ಕೈ ತೊಳೆದು, ಗೂಡಿನಿಂದ ಬೇರೊಂದು ಡಬ್ಬಿ ತೆಗೆದು ನೆಲದ ಮೇಲೆ ಕುಳಿತರು. ಇನ್ನು ಪಥ್ಯ ನನ್ನೊಬ್ಬನದೇ, ನೀವು ಮಾಡಿದರೆ ಔಷಧಿಯೇ ಬೇಡ ಎಂದೆ. ಅವರು ನನ್ನ ಪಾದವನ್ನೆಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಎಪ್ಪತ್ತು ದಾಟಿದ ಹಿರಿಯರು! ಕಾಲು ಹಿಂದಕ್ಕೆ ಎಳೆದುಕೊಂಡೆ.

"ಸುಮ್ನಿರೋ," ಎಂದು ಗದರಿ, ಬೆರಳಿನಲ್ಲಿ ಮೆಲ್ಲಗೆ ಲೇಪ ಸವರುತ್ತಾ ಬಾಯಿಂದ ಊದತೊಡಗಿದರು. "ಸ್ವಲ್ಪ ಉರಿಯುತ್ತೆ ಕಣೋ, ತಡ್ಕೋ."