ಶಶಿಧರನ ಕೈಗುಣ

ಗುಮಾಸ್ತ ಶಶಿಧರನಿಗೆ ಪಾಸ್‌ವರ್ಡ್ ಮರೆತದ್ದೇ ಎಲ್ಲಕ್ಕೂ ಮೂಲ. ಗಂಡಸಿಯ ತೆಂಗು ಬೆಳೆಗಾರರ ಸಂಘದ್ದು ಹಳೆಯ ಯೂನಿಕ್ಸ್ ಕಂಪ್ಯೂಟರು. ಪಾಸ್‌ವರ್ಡ್ ಹೊಡೆಯುವಾಗ ಮಾತ್ರ ಅದು ಅಕ್ಷರಗಳನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಶಶಿಧರ್ ಅರ್ಧದಲ್ಲೇ ಪ್ರೋಗ್ರಾಮಿನ ಕತ್ತು ಹಿಸುಕಿ ನಿಲ್ಲಿಸಿದ; ಅಕ್ಷರ ಮರೆಮಾಡುವ ಚಾಳಿ ಮಾತ್ರ ಹಾಗೇ ಉಳಿದುಬಿಟ್ಟಿತು. ಆಮೇಲೆ ಏನು ಹೊಡೆದರೂ ಪರದೆ ಮುನಿಸಿಕೊಂಡ ಬೀಗರ ಹಾಗೆ ತುಟಿ ಬಿಚ್ಚಲಿಲ್ಲ.

ಆಪರೇಟರ್ ಇಂದುವಿಗೆ ಮದ್ದು ಗೊತ್ತಿತ್ತು. ಕಾಣದಿದ್ದರೂ ಅಕ್ಷರಗಳು ಯಂತ್ರಕ್ಕೆ ಮುಟ್ಟುತ್ತಲೇ ಇರುತ್ತವೆ; ಪರದೆಯನ್ನು ಮೊದಲಿನ ಸ್ಥಿತಿಗೆ ತರುವ ‘ಎಸ್‌ಟಿಟಿವೈ ಸೇನ್’ ಎಂಬ ಆಜ್ಞೆಯನ್ನು ಕುರುಡಾಗಿ ಹೊಡೆದು ಎಂಟರ್ ಒತ್ತಿದರೆ ಮುಗಿಯಿತು. ಆದರೆ ಅವಳು ಸುಮ್ಮನೆ ಕೂತಳು. ಅವಳ ಮನೆ ಇದ್ದದ್ದು ಬೇಲೂರಿನಲ್ಲಿ. ಅಲ್ಲಿನ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿ. ವರ್ಗಾವಣೆ ಕೇಳಿದಾಗಲೆಲ್ಲ ಕಾರ್ಯದರ್ಶಿ ಉಗ್ರಪ್ಪನವರದು ಒಂದೇ ಉತ್ತರ:

"ನೀನು ಹೋದ್ರೆ ಈ ಮಿಷಿನ್ ನೋಡೋರ್ಯಾರಮ್ಮ? ಬೇರೆ ಯಾರಾದ್ರೂ ಒಂದ್ಸಲ ರಿಪೇರಿ ಮಾಡಿ ತೋರಿಸ್ಲಿ, ಅವತ್ತೇ ಕಳಿಸ್ತೀನಿ."

ಹೊರಗೆ ಕೊಬ್ಬರಿ ಚೀಲಗಳ ಸಾಲು ಬೆಳೆಯುತ್ತಿತ್ತು. ಸಾಲಿನಲ್ಲಿದ್ದ ಬೆಳೆಗಾರ ಜವರಪ್ಪ ಕಿಟಕಿಯಲ್ಲಿ ತಲೆ ತೂರಿಸಿದ. "ಏನವ್ವ, ತೂಕದ ಚೀಟಿ ಕೊಡ್ತೀಯೋ, ಇಲ್ಲ ಕಾಯಿನೆಲ್ಲ ವಾಪಸ್ ಮರಕ್ಕೆ ಕಟ್ಟಿ ಬರ್ಲೋ?"

ಉತ್ತರಕ್ಕೂ ಕಾಯದೆ ಒಳಗೆ ಬಂದವನೇ ಕೀಬೋರ್ಡ್ ಮಗುಚಿ, ಮಗುವಿನ ಬೆನ್ನಿಗೆ ತಟ್ಟುವಂತೆ ತಟ್ಟಿದ. ಎರಡು ಹಿಡಿ ಮಂಡಕ್ಕಿ ಉದುರಿತು. ಅಕ್ಷರ ಬರಲಿಲ್ಲ. ಉಗ್ರಪ್ಪ ಬೀರುವಿನಿಂದ ಹೊಸ ಕೀಬೋರ್ಡ್ ತೆಗೆಸಿದರು. ಅದೂ ಮೂಗಿ. ಅವರ ಕೈ ಸ್ವಿಚ್ಚಿನತ್ತ ಹೋಯಿತು.

"ಬೇಡ ಸಾರ್, ಬೆಳಗಿನ ತೂಕವೆಲ್ಲ ಹೋಗ್ಬಿಡುತ್ತೆ," ಎಂದು ಇಂದು ಎದ್ದಳು. ತಂತಿ ಸರಿಪಡಿಸುವವಳಂತೆ ಬಾಗಿ, ಆ ಎರಡು ಪದಗಳನ್ನು ಹೊಡೆದಳು. ಪರದೆಯ ಮೇಲೆ ಏನೂ ಮೂಡದ ಕಾರಣ ಯಾರಿಗೂ ತಿಳಿಯಲಿಲ್ಲ. ಎಂಟರ್ ಮಾತ್ರ ಉಳಿಸಿಕೊಂಡಳು.

"ಶಶಿಧರ್ ಸಾರ್, ನಿಮ್ಮ ಕೈಗುಣ ಒಳ್ಳೇದು. ಎಂಟರ್ ಒಂದ್ಸಲ ಒತ್ತಿ ನೋಡಿ."

ಶಶಿಧರ್ ಕಾದ ಕಾವಲಿ ಮುಟ್ಟುವಂತೆ ಕಿರುಬೆರಳಲ್ಲಿ ಒತ್ತಿದ. ಆಮೇಲೆ ಹೊಡೆದ ಅಕ್ಷರಗಳೆಲ್ಲ ಒಂದೊಂದಾಗಿ ಪರದೆಗೆ ಬಂದವು.

"ಎಲಾ ಇವ್ನ! ಈ ವಿದ್ಯೆನ ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ಯೋ?" ಎಂದರು ಉಗ್ರಪ್ಪ.

"ಏನೋ ಸಾರ್, ಸ್ವಲ್ಪ ಅಭ್ಯಾಸ," ಎಂದು ಶಶಿಧರ್ ಕಾಲರ್ ಸರಿಮಾಡಿಕೊಂಡ.

ಇಂದು ಅರ್ಜಿ ತೆಗೆದು ಮುಂದಿಟ್ಟಳು. ಉಗ್ರಪ್ಪ ಪೆನ್ನಿನ ಮುಚ್ಚಳ ತೆಗೆದರು. ಆದರೆ ತಿರುಗಿದ್ದು ಶಶಿಧರನ ಕಡೆಗೆ.

"ಬೇಲೂರಲ್ಲೂ ಇಂಥದ್ದೇ ಮಿಷಿನ್ ವಾರದಿಂದ ಮಲಗೈತೆ. ಆ ಜಾಗಕ್ಕೆ ಇವ್ನೇ ಸರಿ. ಶಶಿಧರ್, ಮಧ್ಯಾಹ್ನದ ಬಸ್ಸಿಗೇ ಹೊರಡು."

"ಸಾರ್, ನಾನು..." ಎಂದಳು ಇಂದು.

"ನೀನು ಹೆದರ್ಬೇಡಮ್ಮ. ನಿನ್ನನ್ನ ಎಲ್ಲಿಗೂ ಕಳಿಸಲ್ಲ."

ಸಂಜೆ ಐದಕ್ಕೆ ಬೇಲೂರಿನಿಂದ ಫೋನು ಬಂತು. ಶಶಿಧರ್ ಪಿಸುಗುಟ್ಟುತ್ತಿದ್ದ. "ಇಂದು, ಆಗಿಂದ ಎಂಟರ್ ಒತ್ತಿ ಒತ್ತಿ ಬೆರಳು ಊದ್ಕೊಂಡಿದೆ ಕಣಮ್ಮ. ಅಕ್ಷರ ಬರ್ತಿಲ್ಲ. ಇನ್ನೂ ಜೋರಾಗಿ ಒತ್ಬೇಕಾ?"

ಇಂದು ಕುರ್ಚಿಗೆ ಒರಗಿ, ಒಂದೊಂದೇ ಅಕ್ಷರ ಹೇಳತೊಡಗಿದಳು.