ಒಂಬತ್ತನೇ ಸೊಪ್ಪು

ನನಗೆ ಮೊಸಳೆಯ ಭಯವಿಲ್ಲ, ಬಿರುಗಾಳಿಯ ಭಯವಿಲ್ಲ, ಪಾದ್ರಿಗಳ ಭಯವೂ ಅಷ್ಟಕ್ಕಷ್ಟೆ. ನನಗಿರುವುದು ಲೆಕ್ಕದ ಭಯ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರೆದುರು ಮಗ್ಗಿ ಕೇಳಿದರೆಂದು ಸಿಟ್ಟು ಬಂದು ಕಿಟಕಿ ಹಾರಿದವನು ಸೀದಾ ಸೀಗಡಿ ದೋಣಿ ಹತ್ತಿದೆ. ಮತ್ತೆ ಶಾಲೆಯ ಕಡೆ ತಲೆಹಾಕಿ ಮಲಗಲಿಲ್ಲ. ಆ ಮಗ್ಗಿ ನಲವತ್ತು ವರ್ಷ ನನ್ನನ್ನು ಹುಡುಕಿಕೊಂಡು ಬಂದು, ಕೊನೆಗೆ ಅತ್ತೆಯ ರೂಪದಲ್ಲಿ ಎದುರು ನಿಂತಿತು.

ನಮ್ಮತ್ತೆ ಯೂಲಾಲಿ ನ್ಯೂ ಆರ್ಲಿಯನ್ಸಿನ ಹಳೇ ಕ್ರಿಯೋಲ್ ಮನೆತನದವರು. ಬೀದಿ ಮೂಲೆಯಲ್ಲಿ ಅವರದು ಹನ್ನೆರಡು ಮೇಜಿನ ಹೋಟೆಲು. ಮಹಡಿಯ ಮೇಲೆ ಅವರು, ನನ್ನ ಹೆಂಡತಿ ಓಡೀಲ್ ಮತ್ತು ನಾನು. ನಾನು ಬಾಯೂ ಎಂಬ ಜೌಗು ಕಾಲುವೆಗಳ ಕಡೆಯ ಕೇಜನ್. ಅಂದರೆ, ಅತ್ತೆಯ ಮಾತಿನಲ್ಲಿ, ಜೌಗಿನಿಂದ ಎದ್ದು ಬಂದವನು. ಆದರೂ ದೊಡ್ಡ ಮನಸ್ಸು ಮಾಡಿ ನನ್ನನ್ನು ಅಡುಗೆಮನೆಯ ಸರ್ವಾಧಿಕಾರಿಯನ್ನಾಗಿ ನೇಮಿಸಿದ್ದಾರೆ. (ಎಣ್ಣೆಯಲ್ಲಿ ಹಿಟ್ಟು ಹುರಿಯುವಾಗ ಸೌಟು ತಿರುಗಿಸುವ ಅಧಿಕಾರ ನನ್ನದು. ನಿಲ್ಲಿಸುವ ಅಧಿಕಾರ ಅವರದು.)

ಈಸ್ಟರಿಗೆ ಮುಂಚಿನ ಗುರುವಾರ, ವರ್ಷದಲ್ಲಿ ಅದೊಂದೇ ದಿನ, ನಮ್ಮಲ್ಲಿ ಬೆರಕೆ ಸೊಪ್ಪಿನ ಗಂಬೋ ಎಂಬ ಗಟ್ಟಿ ಸಾರು. ಮರುದಿನ ಉಪವಾಸವಾದ್ದರಿಂದ ಹಂದಿ, ಕೋಳಿ, ಸಾಸೇಜು ಎಲ್ಲವನ್ನೂ ಸೊಪ್ಪಿನ ಕಂಬಳಿ ಹೊದಿಸಿ ತಿಂದು ಮುಗಿಸುವ ಹಬ್ಬ. ಅದಕ್ಕೊಂದು ನಿಯಮವಿದೆ. ಸೊಪ್ಪು ಬೆಸಸಂಖ್ಯೆಯಲ್ಲಿರಬೇಕು. ಎಷ್ಟು ಸೊಪ್ಪೋ ಆ ವರ್ಷ ಅಷ್ಟು ಹೊಸ ಸ್ನೇಹಿತರು. ಸರಿಸಂಖ್ಯೆ ಬಿತ್ತೋ, ತಿಂದವರಲ್ಲಿ ಒಬ್ಬರು ಮುಂದಿನ ಈಸ್ಟರ್ ನೋಡುವುದಿಲ್ಲ. ಎಂಟು ಸೊಪ್ಪು ಬಿದ್ದ ವರ್ಷ ಅತ್ತೆಯ ಚಿಕ್ಕಪ್ಪ ಪ್ಲಸೀಡ್ ತೀರಿಕೊಂಡರು. (ಅವರಿಗೆ ತೊಂಬತ್ನಾಲ್ಕಾಗಿತ್ತು. ಆದರೆ ಅತ್ತೆಯ ಪ್ರಕಾರ ವಯಸ್ಸು ನೆಪ, ಸೊಪ್ಪೇ ಕಾರಣ.) ಹಾಗಾಗಿ ಆ ದಿನ ನಮ್ಮ ಮನೆಯಲ್ಲಿ 'ಸರಿ' ಎಂದು ಬಾಯಿಬಿಡುವಂತಿಲ್ಲ. ಸರಿ ಅಂದರೆ ತಪ್ಪು!

ಈ ಸಲ ಸೊಪ್ಪು ತರುವ ಕೆಲಸ ನನ್ನ ತಲೆಗೆ ಬಿತ್ತು. ಅತ್ತೆ ಒಂಬತ್ತು ಹೆಸರಿನ ಚೀಟಿ ಬರೆದುಕೊಟ್ಟರು. ಸಂತೆಯಲ್ಲಿ ಸೊಪ್ಪಿನವಳು ಒಂದೊಂದೇ ಕಟ್ಟು ಎತ್ತಿಕೊಟ್ಟಳು: ಸಾಸಿವೆ ಸೊಪ್ಪು, ಪಾಲಕ್, ಎಲೆಕೋಸು, ಬೀಟ್‌ರೂಟ್ ಸೊಪ್ಪು, ಕ್ಯಾರೆಟ್ ಸೊಪ್ಪು, ಟರ್ನಿಪ್ ಸೊಪ್ಪು, ಕೊಲಾರ್ಡ್, ಪಾರ್ಸ್ಲಿ. ಕೊನೆಯ ಹೆಸರಿಗೆ ಬಂದಾಗ ನಾನು ಚೀಟಿಯನ್ನು ಮುಖದ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದೆ.

"ಯಾಕಣ್ಣಾ, ಓದೋಕ್ ಬರಲ್ವಾ? ಕೊಡಿ ಇಲ್ಲಿ, ನಾನೇ ಓದ್ತೀನಿ," ಅಂದಳು. ಪಕ್ಕದ ಗಾಡಿಯವನು ನಕ್ಕ.

ನನಗೆ ಮೂರನೇ ಕ್ಲಾಸಿನ ಕಿಟಕಿ ಕಣ್ಣೆದುರು ಬಂತು. "ನಿನ್ನ ಸೊಪ್ಪೂ ಬೇಡ, ನಿನ್ನ ಉಪಕಾರಾನೂ ಬೇಡ!" ಎಂದು ಚೀಟಿ ಹರಿದು ಬಿಸಾಕಿ, ಆಗಲೇ ಕೈಗೆ ಬಂದಿದ್ದ ಕಟ್ಟುಗಳನ್ನು ಬುಟ್ಟಿಗೆ ತುರುಕಿಕೊಂಡು ಬಂದೆ. ಅವಳು ಚೀಟಿಯ ಚೂರು ಆಯ್ದು ಓದಿ, ಹಿಂದಿನಿಂದ ನೀರ್‌ಸೊಪ್ಪಿನ ಕಟ್ಟನ್ನು ಬಾವುಟದ ಹಾಗೆ ಬೀಸುತ್ತ "ಅಣ್ಣಾ, ಇದೊಂದು!" ಎಂದು ಕೂಗಿದಳು. ಕೇಳಿಸಿತು. ಆದರೆ ಸಿಟ್ಟು ಬಂದ ಗಂಡಸು ಹಿಂತಿರುಗಿ ನೋಡಿದರೆ ಮರ್ಯಾದೆ ಉಳಿಯುತ್ತದೆಯೇ?

ಸಿಟ್ಟು ಇಳಿದದ್ದು ಅಡುಗೆಮನೆಯಲ್ಲಿ. ಅಷ್ಟರಲ್ಲಿ ಸೊಪ್ಪೆಲ್ಲ ಹೆಚ್ಚಿ ಹಂಡೆಗೆ ಹಾಕಿಯಾಗಿತ್ತು.

"ಎಷ್ಟಾಯ್ತಪ್ಪಾ ಅಳಿಯ?" ಅತ್ತೆ ಹೊರಗಿನಿಂದ ಕೇಳಿದರು.

"ಒಂಬತ್ತು, ಅತ್ತೆ!" ಎಂದವನು ಬೆನ್ನ ಹಿಂದೆ ಬೆರಳು ಮಡಿಚಿದೆ. ಎಂಟಕ್ಕೆ ನಿಂತಿತು. ಮತ್ತೆ ಮಡಿಚಿದೆ. ಮತ್ತೆ ಎಂಟು. ಪ್ಲಸೀಡ್ ಚಿಕ್ಕಪ್ಪ ಗೋಡೆಯ ಪಟದಿಂದ ನನ್ನನ್ನೇ ನೋಡುತ್ತಿದ್ದರು.

ಸಂತೆಗೆ ಓಡೋಣವೆಂದರೆ ಬಾಗಿಲಲ್ಲಿ ಆಗಲೇ ಜನ ಸಾಲುಗಟ್ಟಿದ್ದರು. ಕಸ ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಒನೆಸೀಮನ ಬೇಲಿಯಿಂದ ಒಂದು ಗಿಡ ನಮ್ಮ ಕಡೆಗೆ ಬಾಗಿತ್ತು. ಏನು ಗಿಡವೋ ದೇವರಿಗೇ ಗೊತ್ತು. ಎಲೆಯಿತ್ತು, ಹಸಿರಾಗಿತ್ತು. ಒಂಬತ್ತನೆಯದಾಗಲು ಅಷ್ಟು ಅರ್ಹತೆ ಸಾಕೆನಿಸಿತು. ಬುಡಸಮೇತ ಕಿತ್ತು, ತೊಳೆದು, ಹೆಚ್ಚಿ, ಹಂಡೆಗೆ ಹಾಕಿ ಕೈಮುಗಿದೆ.

ಹನ್ನೆರಡಕ್ಕೆ ಹೋಟೆಲು ತುಂಬಿತು. ಎರಡನೇ ಮೇಜಿನಲ್ಲಿ ಒನೆಸೀಮನೇ ಕುಳಿತಿದ್ದ. ನಾನು ತಟ್ಟೆ ಇಡುತ್ತಿದ್ದಂತೆ ಕೈ ಹಿಡಿದುಕೊಂಡ.

"ಅಲ್ಸೀಡ್, ನನ್ನ ಬೇಲಿ ಗಿಡ ಯಾವನೋ ಕಿತ್ಕೊಂಡ್ ಹೋಗಿದಾನೆ ಕಣೋ."

"ಅಯ್ಯೋ, ಹೌದಾ?" ನನ್ನ ದನಿ ಇಲಿಯದಾಗಿತ್ತು.

"ಹೋಗ್ಲಿ ಬಿಡು. ತಿಂದವನಿಗೆ ಗೊತ್ತಾಗುತ್ತೆ!"

"ಏನು... ಏನ್ ಗೊತ್ತಾಗುತ್ತೆ?"

"ಅದು ಔಷಧಿ ಗಿಡ ಕಣಯ್ಯಾ. ದಿನಕ್ಕೆ ಎರಡೇ ಎಲೆ. ಮೂರಾಯ್ತೋ..." ಇಲ್ಲಿಗೆ ಬಂದು ಆ ಪುಣ್ಯಾತ್ಮನಿಗೆ ಕೆಮ್ಮು ಹತ್ತಿತು. ಕೆಮ್ಮಿದ, ಕೆಮ್ಮಿದ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಆಮೇಲೆ ನೀರು ಕುಡಿದು, ಮಾತು ಮರೆತು, ಗಂಬೋ ತಿನ್ನತೊಡಗಿದ.

ಮೂರಾದರೆ ಏನು? ಕೇಳಿದರೆ ಕಳ್ಳ ನಾನೇ ಎಂದು ಗೊತ್ತಾಗುತ್ತದೆ. ಕೇಳದಿದ್ದರೆ? ನಾನು ಹಾಕಿದ್ದು ಮೂರು ಎಲೆಯಲ್ಲ, ಇಡೀ ವಂಶ!

ಸೌಟು ಹಿಡಿದು ಬಾಗಿಲ ಸಂದಿಯಿಂದ ನೋಡಿದೆ. ಐದನೇ ಮೇಜಿನ ದಪ್ಪ ಮನುಷ್ಯ ಹಣೆ ಒರೆಸಿಕೊಳ್ಳುತ್ತಿದ್ದ. ಬೆವರು! ಪ್ರತಿದಿನವೂ ಖಾರಕ್ಕೆ ಬೆವರುವವನೇ, ಆದರೆ ಇವತ್ತಿನ ಬೆವರು ಬೇರೆ ಎನಿಸಿತು. ಕಿಟಕಿ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಮೂಲೆಯ ಮೇಜಿನ ಪಾದ್ರಿಗಳು ಎರಡು ತುತ್ತು ತಿಂದು ಕಣ್ಣು ಮುಚ್ಚಿದರು. ನಾನು ಎಣಿಸುತ್ತ ನಿಂತೆ. ಅವರು ಕಣ್ಣು ತೆರೆಯಲಿಲ್ಲ. ಪಾದ್ರಿಗಳೇ ಹೋದರೆ ಉಳಿದವರಿಗೆಲ್ಲ ಅಂತಿಮ ಪ್ರಾರ್ಥನೆ ಹೇಳುವವರು ಯಾರು?

"ಓಡೀಲ್," ಎಂದೆ, "ವಿಷ ತಿಂದೋರಿಗೆ ಮೊದಲು ಏನಾಗುತ್ತೆ?"

"ಇಂಥ ಪ್ರಶ್ನೆ ಬರುತ್ತೆ," ಎಂದಳು ನನ್ನ ಹೆಂಡತಿ, ತಟ್ಟೆ ಜೋಡಿಸುತ್ತ. "ಏನ್ರೀ ಆಗಿದೆ ನಿಮಗೆ? ಮುಖ ಬೇಯಿಸಿದ ಹಿಟ್ಟಿನ ಹಾಗಿದೆ."

ಅಷ್ಟರಲ್ಲಿ ಅತ್ತೆ ತಮ್ಮ ಬಟ್ಟಲು ಹಿಡಿದು ಹೋಟೆಲಿನ ನಡುವೆ ಬಂದು ನಿಂತರು. ಎಲ್ಲರಿಗೂ ಬಡಿಸಿದ ಮೇಲೆ ತಮ್ಮ ಮೊದಲ ತುತ್ತನ್ನು ಎಲ್ಲರೆದುರು ತಿನ್ನುವುದು ಅವರ ಪದ್ಧತಿ. ತಿಂದರು. ನಿಂತಲ್ಲೇ ನಿಂತರು. ಬಟ್ಟಲು ನಡುಗಿತು. ಇನ್ನೊಂದು ಕೈ ಕುರ್ಚಿಯನ್ನು ಹುಡುಕಿತು. ತುಟಿ ಅಲುಗಿತು, ಮಾತು ಬರಲಿಲ್ಲ. ಮೂವತ್ತು ವರ್ಷದಲ್ಲಿ ನಮ್ಮತ್ತೆಗೆ ಮಾತು ಬಾರದ್ದನ್ನು ನಾನು ಕಂಡಿರಲಿಲ್ಲ. ಇದು ಸಾವಲ್ಲದೆ ಇನ್ನೇನು!

"ತಿನ್ಬೇಡೀ!" ಎಂದು ಕಿರುಚಿ ಹೊರಗೆ ಹಾರಿದೆ. "ಯಾರೂ ತಿನ್ಬೇಡಿ! ವಿಷ! ನಾನೇ ಹಾಕಿದ್ದು! ನೀರ್‌ಸೊಪ್ಪು ತರಲಿಲ್ಲ, ಎಂಟೇ ಆಯ್ತು, ಒನೆಸೀಮನ ಗಿಡ ಕಿತ್ತು ಹಾಕ್ದೆ! ಅತ್ತೇ, ಉಗೀರಿ, ಉಗೀರಿ!"

ಎಂಬತ್ತು ಚಮಚಗಳು ಗಾಳಿಯಲ್ಲಿ ನಿಂತವು. ಪಾದ್ರಿಗಳು ಕಣ್ಣು ತೆರೆದರು. (ತಿಂದ ತುತ್ತಿಗೆ ಕೃತಜ್ಞತೆ ಹೇಳುತ್ತಿದ್ದರಂತೆ.)

ಅತ್ತೆ ನಿಧಾನವಾಗಿ ಉಸಿರೆಳೆದರು. "ಮೆಣಸುಹುಲ್ಲು," ಎಂದರು. "ನಮ್ಮಮ್ಮ ಹಾಕ್ತಿದ್ದ ಮೆಣಸುಹುಲ್ಲು. ಐವತ್ತು ವರ್ಷ ಆಯ್ತು ಈ ರುಚಿ ನೋಡಿ. ಒನೆಸೀಮ್, ನಿನ್ನ ಬೇಲೀಲಿ ಇತ್ತಾ ಇದು?"

"ಇತ್ತು ಕಣಮ್ಮಾ. ಮಲಬದ್ಧತೆಗೆ ಅಂತ ಬೆಳೆಸಿದ್ದೆ. ಎರಡೆಲೆ ತಿಂದ್ರೆ ಸುಖ, ಮೂರು ತಿಂದ್ರೆ ಓಟ."

ಜನ ನಕ್ಕರು. ಎಂಟಕ್ಕೆ ಒಂದು ಸೇರಿ ಒಂಬತ್ತು, ಬೆಸ! ಅತ್ತೆ ನನ್ನ ಕೆನ್ನೆ ಸವರಲು ಕೈ ಎತ್ತಿದ್ದರು. ಎತ್ತಿದ ಕೈ ಅಲ್ಲೇ ನಿಂತಿತು.

"ಓಡೀಲ್! ಬುಟ್ಟಿ ಎಣಿಸು ಅಂತ ನಿನಗೆ ಹೇಳಿದ್ದೆನಲ್ಲ. ನೀರ್‌ಸೊಪ್ಪು ಬಂದಿಲ್ಲ ಅನ್ನೋದು ನಿನಗೆ ಕಾಣ್ಲಿಲ್ವಾ?"

"ಕಾಣದೇ ಏನಮ್ಮಾ," ಎಂದಳು ಓಡೀಲ್, ಕಣ್ಣು ಮಿಟುಕಿಸದೆ. "ಇವರು ಮರೀತಾರೆ ಅಂತ ಗೊತ್ತಿತ್ತು. ನಾನೇ ಬೇರೆ ಕಡೆಯಿಂದ ತಂದು ಆಗಲೇ ಹಾಕಿದ್ದೆ."

ಎಂಬತ್ತು ಜನ ಬೆರಳು ಮಡಿಚುವುದು ಕಾಣಿಸಿತು.

"ಹತ್ತು," ಎಂದರು ಪಾದ್ರಿಗಳು. (ಅವರು ಇಂಥದನ್ನು ನಂಬುವಂತಿಲ್ಲ. ಆದರೂ ಮೊದಲು ಎಣಿಸಿ ಮುಗಿಸಿದ್ದು ಅವರೇ.)

"ಎಣಿಕೆ ಕೆಡಿಸಿದವನೇ ಹನ್ನೊಂದನೇದನ್ನ ಎಲ್ಲರ ಪರವಾಗಿ ಹಸಿಯಾಗಿ ತಿನ್ಬೇಕು," ಎಂದರು ಅತ್ತೆ. "ನಮ್ಮಮ್ಮನ ಕಾಲದ ನಿಯಮ." ಆ ನಿಯಮ ಹುಟ್ಟಿ ಅರ್ಧ ನಿಮಿಷವೂ ಆಗಿರಲಿಲ್ಲವೆಂದು ನನ್ನ ಅನುಮಾನ. ಆದರೆ ಮುದುಕಿಯರೆಲ್ಲ "ಹೌದೌದು, ನಾವೂ ಕೇಳಿದೀವಿ" ಎಂದು ತಲೆಯಾಡಿಸಿದರು. ತಿನ್ನುವವನು ಇನ್ನೊಬ್ಬನಾದಾಗ ಎಂಥ ನಿಯಮಕ್ಕೂ ಸಾಕ್ಷಿ ಸಿಗುತ್ತದೆ.

ಒಳಗಿನಿಂದ ಮೂಲಂಗಿ ಸೊಪ್ಪಿನ ಕಟ್ಟೊಂದು ಬಂತು. ಹಸಿ ಮೂಲಂಗಿ ಎಲೆಗೆ ಎಷ್ಟು ಮುಳ್ಳಿರುತ್ತದೆಂಬುದನ್ನು ತಿಂದೇ ನೋಡಬೇಕು. ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿದರು. ಹಸುವಿನ ಹಾಗೆ ನಾನು ಅಗಿಯುತ್ತಿದ್ದರೆ ಜನ ಚಪ್ಪಾಳೆ ತಟ್ಟಿ ತಾಳ ಹಾಕಿದರು. ಒನೆಸೀಮ್ ಮಾತ್ರ "ದಂಟು ಬಿಡ್ತಿದಾನೆ, ದಂಟು!" ಎಂದು ಬೆರಳು ತೋರಿಸಿದ. ದಂಟೂ ಹೋಯಿತು. ಅದರ ಹಿಂದೆಯೇ ನನ್ನ ಪಾಲಿನ ಗಂಬೋ ಬಟ್ಟಲೂ ಹೊಟ್ಟೆ ಸೇರಿತು.

ಮರುದಿನ ಬೆಳಿಗ್ಗೆ, ಶುಕ್ರವಾರ, ಹೊಟ್ಟೆ ಹಿಡಿದು ಮಂಚದ ಮೇಲೆ ಕುಳಿತಿದ್ದೆ. (ಒನೆಸೀಮ್ ಹೇಳಿದ 'ಓಟ' ಸುಳ್ಳಲ್ಲ.) ಓಡೀಲ್ ಬಂದು ಪಕ್ಕದಲ್ಲಿ ಕುಳಿತಳು.

"ರೀ, ಒಂದು ಮಾತು ಹೇಳ್ತೀನಿ. ಕೂಗಾಡ್ಬಾರ್ದು."

"ಕೂಗೋಕೆ ಶಕ್ತಿ ಎಲ್ಲಿದೆ? ಹೇಳು."

"ನಾನು ನೀರ್‌ಸೊಪ್ಪು ಹಾಕೇ ಇರ್ಲಿಲ್ಲ."

"ಮತ್ತೆ ನಿನ್ನೆ ಹಾಗಂದೆ?"

"ಬುಟ್ಟಿ ಎಣಿಸಿರ್ಲಿಲ್ಲ ಅಂದಿದ್ರೆ ಅಮ್ಮ ಎಲ್ಲರೆದುರು ನನ್ನ ಬೈತಿದ್ರು. ನಿಮಗಾದ್ರೆ ಬೈಸ್ಕೊಂಡು ಅಭ್ಯಾಸ ಇದೆ."

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದರ ಜಾಗಕ್ಕೆ ಬೇರೇನೋ ಬಂತು. ಮೆಲ್ಲನೆ ಬೆರಳು ಮಡಿಚಿದೆ. ಹಾಗಾದರೆ ಊರವರೆಲ್ಲ ತಿಂದದ್ದು ಒಂಬತ್ತು. ಅತ್ತೆ ಒಂಬತ್ತು, ಪಾದ್ರಿ ಒಂಬತ್ತು, ಓಡೀಲ್ ಒಂಬತ್ತು. ನನ್ನ ಪಾಲಿಗೆ ಒಂಬತ್ತು ಮತ್ತು ಮೂಲಂಗಿ. ಎರಡೂ ಕೈಯ ಬೆರಳು ಮುಗಿದವು.

"ಓಡೀಲ್, ಬೇಗ ಇನ್ನೊಂದೆಲೆ ತಾ! ಯಾವುದಾದ್ರೂ ಸೈ!"

"ಗುರುವಾರ ಮುಗೀತಲ್ರೀ," ಎಂದಳು, ನನ್ನ ಕೈ ಸವರುತ್ತ. ಇಪ್ಪತ್ತು ವರ್ಷದಿಂದ ಹಾಗೆ ಸವರಿರಲಿಲ್ಲ. ಅದು ಇನ್ನೂ ಹೆದರಿಸಿತು.

ಕೆಳಗಿನಿಂದ ಅತ್ತೆಯ ದನಿ ಮೆಟ್ಟಿಲು ಹತ್ತಿ ಬಂತು: "ಅಳಿಯಂದ್ರೇ, ಹೊಟ್ಟೆ ಈಗ ಸರಿ ಇದೆಯೇನಪ್ಪಾ?"

"ಇದೆ, ಅತ್ತೆ," ಎಂದೆ. "ಇಡೀ ಊರಿನಲ್ಲಿ ನನ್ನದೊಂದೇ ಸರಿ ಇರೋದು."