ವಿಮಾನಕ್ಕೆ ಬಿಟ್ಟ ಮಾರ್ಜಿನ್

ತಿಳಿಯದ ಮಾತಿಗೆ ತಲೆಯಾಡಿಸುವುದರಲ್ಲಿ ನನಗೆ ಐವತ್ತು ವರ್ಷಗಳ ಅನುಭವವಿದೆ. ಏಳನೆಯ ಇಯತ್ತೆಯಲ್ಲಿ ಇಂಗ್ಲಿಷ್ ಮಾಸ್ತರರು "ತಿಳೀತೇನೋ?" ಎಂದು ಕೇಳಿದಾಗ ಶುರುವಾದದ್ದು. ಅದೇ ವರ್ಷ ಶಾಲೆ ಬಿಟ್ಟು ಧಾರವಾಡದ ಟೇಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕಲು ಕೂತೆ. ಶಾಲೆ ಬಿಟ್ಟಿತು, ತಲೆಯಾಡಿಸುವುದು ಬಿಡಲಿಲ್ಲ. ಟೆಕ್ಸಸ್ಸಿಗೆ ಬಂದ ಮೇಲಂತೂ ಇದಕ್ಕೆ ಬಿಡುವೇ ಇಲ್ಲ. ಅಂಗಡಿಯ ಕೌಂಟರಿನಲ್ಲಿ ಏನೋ ಕೇಳುತ್ತಾರೆ, ನಾನು ಹೂಂ ಎನ್ನುತ್ತೇನೆ. ಹೀಗಾಗಿ ಮೂರು ಅಂಗಡಿಗಳಲ್ಲಿ ನಾನು ಕಾಯಂ ಸದಸ್ಯ. ಅದರಲ್ಲೊಂದು ನಾಯಿಗಳ ಆಹಾರದ ಅಂಗಡಿ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಇಷ್ಟಕ್ಕೇ ನಿಂತಿದ್ದರೆ ನಗುವ ಮಾತಾಗಿ ಹೋಗುತ್ತಿತ್ತು. ಆದರೆ ಹೋದ ವರ್ಷ ನಾನು ಆಡಿಸಿದ ತಲೆ ಒಡಹುಟ್ಟಿದ ತಂಗಿಯನ್ನೇ ಆಕಾಶದಿಂದ ಕೆಳಗೆ ಹಾಕುವುದರಲ್ಲಿತ್ತು. ಅದನ್ನು ಯಾರ ಮುಂದಾದರೂ ಹೇಳಿಕೊಳ್ಳದೆ ಸಮಾಧಾನವಿಲ್ಲ.

ನನ್ನ ತಂಗಿ ಶೈಲಾ ಡಾಕ್ಟರು. ವಿಮಾನ ನಿಲ್ದಾಣದ ಪಕ್ಕದ ಊರು ಕಾಪೆಲ್‌ನಲ್ಲಿ, ಅವಳ ಮನೆಯಲ್ಲೇ ನಾನೂ ಇರುವುದು. ಗ್ಯಾರೇಜಿನ ಅರ್ಧದಲ್ಲಿ ಅವಳ ಕಾರು, ಇನ್ನರ್ಧದಲ್ಲಿ ನನ್ನ ಹೊಲಿಗೆ ಯಂತ್ರ. ಫ್ರಿಸ್ಕೋ ಊರಿನಿಂದ ನಮ್ಮ ದೇಶದ ಹೆಂಗಸರು ಬ್ಲೌಸು ಹೊಲಿಸಲು ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, "ಅಂಕಲ್, ಈ ಸಲ ನಿಜವಾಗ್ಲೂ ಹೇಳಿದ ದಿನ ಕೊಡ್ತೀರಾ?" ಎನ್ನುತ್ತಾರೆ. ಅದಕ್ಕೂ ತಲೆಯಾಡಿಸುತ್ತೇನೆ. ಶೈಲಾಳ ಓರಗೆಯ ಡಾಕ್ಟರುಗಳು ಹಿತ್ತಿಲಲ್ಲಿ ಈಜುಕೊಳ ಕಟ್ಟಿಸಿಕೊಂಡರೆ ಇವಳು ವಿಮಾನ ಹಾರಿಸುವುದನ್ನು ಕಲಿತಳು. ಕಲಿತವಳು ಸುಮ್ಮನಿರಬಾರದೆ? ನಮ್ಮಪ್ಪ ಹುಟ್ಟಿದ ಕಾಲದ್ದೊಂದು ಹಳೆಯ ವಿಮಾನವನ್ನು ಬಿಡಿಬಿಡಿಯಾಗಿ ಕೊಂಡುಕೊಂಡು, ಲೂಯಿಸ್‌ವಿಲ್ ಕೆರೆಯ ಆಚೆಗಿರುವ ಹುಲ್ಲಿನ ರನ್‌ವೇಯ ಪಕ್ಕದ ಶೆಡ್ಡಿನಲ್ಲಿ ಜೋಡಿಸತೊಡಗಿದಳು.

ವಿಮಾನವೆಂದರೆ ತಗಡಿನದು ಎಂದು ನಾನು ತಿಳಿದಿದ್ದೆ. ಕಾಪೆಲ್‌ನ ನಮ್ಮ ಮನೆಯ ಮೇಲೆ ಎರಡು ನಿಮಿಷಕ್ಕೊಂದು ಹೋಗುವುದೆಲ್ಲ ಅಂಥದ್ದೇ. ಶೆಡ್ಡಿನಲ್ಲಿ ಕಂಡದ್ದು ಬೇರೆ. ರೆಕ್ಕೆ ಎಂದರೆ ಬರೀ ಪಕ್ಕೆಲುಬುಗಳು, ದೊಡ್ಡ ಮೀನನ್ನು ತಿಂದು ಬಿಟ್ಟ ಹಾಗೆ. ಅದರ ಮೇಲೆ ಬಟ್ಟೆ ತೊಡಿಸಬೇಕಂತೆ. ದೊಡ್ಡ ವಿಮಾನ ಕೊಳ್ಳಲಾಗದ ಜನರಿಗೂ ಸ್ಕೂಟರಿನಂಥದ್ದೊಂದು ಸಿಗಲಿ ಎಂದು ಈ ದೇಶದ ಕೆಲವರು ಹಿಂದೆ ಇಂಥವನ್ನು ಮಾಡತೊಡಗಿದರಂತೆ. ಸಣ್ಣ ಎಂಜಿನ್, ಉಕ್ಕಿನ ಕೊಳವೆ, ಮೇಲೆ ಹತ್ತಿಬಟ್ಟೆ, ಒಬ್ಬರ ಹಿಂದೆ ಒಬ್ಬರು ಕೂರಲು ಎರಡು ಸೀಟು. ಪೆಟ್ರೋಲು ಎಷ್ಟಿದೆ ಎಂದು ತಿಳಿಯಲು ಟ್ಯಾಂಕಿನಲ್ಲಿ ತೇಲುವ ಒಂದು ಬೆಂಡು, ಅದಕ್ಕೆ ಸಿಕ್ಕಿಸಿದ ತಂತಿ. ತಂತಿ ಕೆಳಗಿಳಿದರೆ ನೀವೂ ಇಳಿಯಬೇಕು. ನನ್ನಂಥವನಿಗೂ ಅರ್ಥವಾಗುವ ಯಂತ್ರ. ಅದರ ಇಂಗ್ಲಿಷ್ ಹೆಸರಿಗೆ ಕರಡಿಮರಿ ಎಂದು ಅರ್ಥವಂತೆ. ಆ ಕಾರ್ಖಾನೆಗಳಲ್ಲಿ ಸಾಲಾಗಿ ಕೂತ ಹೆಂಗಸರು ಸೂಜಿ ಹಿಡಿದು ರೆಕ್ಕೆ ಹೊಲಿಯುತ್ತಿದ್ದರಂತೆ. ಇದನ್ನು ಕೇಳಿದ ಮೇಲೆ ನನಗೆ ವಿಮಾನಗಳ ಬಗ್ಗೆ ಇದ್ದ ಭಯಭಕ್ತಿ ಸ್ವಲ್ಪ ಕಡಿಮೆಯಾಗಿ, ನನ್ನ ಬಗ್ಗೆ ಇದ್ದದ್ದು ಸ್ವಲ್ಪ ಹೆಚ್ಚಾಯಿತು.

"ಅಣ್ಣಾ, ಇದು ನಿನ್ನ ಕೆಲಸ," ಎಂದು ಶೈಲಾ ನಾಲ್ಕು ಹಾಳೆ ಇಂಗ್ಲಿಷನ್ನು ಕೈಗಿಟ್ಟಳು. "ಓದಿ ನೋಡು. ತಿಳೀದಿದ್ರ ನನ್ನ ಕೇಳು."

ನಾನು ಹಾಳೆಗಳನ್ನು ತಿರುವಿದೆ. ಸೂಜಿಯ ಚಿತ್ರವಿತ್ತು, ದಾರದ ಚಿತ್ರವಿತ್ತು. ಮತ್ತೇನು ಬೇಕು? ತಲೆಯಾಡಿಸಿದೆ.

ರೆಕ್ಕೆಯ ಹೊದಿಕೆಯೆಂದರೆ ದೊಡ್ಡ ದಿಂಬಿನ ಚೀಲ, ಅಷ್ಟೆ. ಹದಿನೈದು ದಿನದಲ್ಲಿ ಹೊಲಿದು ಮುಗಿಸಿದೆ. ಹೊಲಿಯುವಾಗ ಒಳಗಡೆ ಉದ್ದಕ್ಕೂ ಒಂದೂವರೆ ಇಂಚು ಮಾರ್ಜಿನ್ ಬಿಟ್ಟೆ. ಬಿಡಬೇಕೆಂದು ಬಿಟ್ಟದ್ದಲ್ಲ, ಕೈ ತಾನೇ ಬಿಟ್ಟಿತು. ಕತ್ತರಿ ಹಿಡಿದ ನಲವತ್ತು ವರ್ಷಗಳಲ್ಲಿ ನಾನು ಮಾರ್ಜಿನ್ ಇಲ್ಲದೆ ಒಂದು ಲಂಗವನ್ನೂ ಹೊಲಿದವನಲ್ಲ. ಹೆಂಗಸರಿಗೆ ಮದುವೆಯಾಗುತ್ತದೆ, ಹೆರಿಗೆಯಾಗುತ್ತದೆ, ಒಂದೆರಡು ವರ್ಷದಲ್ಲಿ ಅದೇ ಬ್ಲೌಸು ಹಿಡಿದು, "ಸ್ವಲ್ಪ ಬಿಚ್ಚಿ ಕೊಡಿ ಅಂಕಲ್" ಎಂದು ಬರುತ್ತಾರೆ. ಗಂಡಸರು ದಪ್ಪಗಾಗಲು ಕಾರಣವೂ ಬೇಕಿಲ್ಲ. ಬಿಟ್ಟ ಮಾರ್ಜಿನ್ ಚುಚ್ಚಬಾರದೆಂದು ಒಳಗಿನಿಂದ ನೀಟಾಗಿ ಹೆಮ್ಮಿಂಗನ್ನೂ ಮಾಡಿದೆ. ವಿಮಾನಕ್ಕೆ ಏನು ಚುಚ್ಚುತ್ತದೆ ಎಂದು ಆಗ ಹೊಳೆಯಲಿಲ್ಲ. ಆಮೇಲೆ ಹೊದಿಕೆಯನ್ನು ರೆಕ್ಕೆಗೆ ತೊಡಿಸಿ, ಮೊಳದುದ್ದದ ಸೂಜಿಯಿಂದ ಪಕ್ಕೆಲುಬುಗಳಿಗೆ ಹೊಲಿದು, ಇಸ್ತ್ರಿ ಹಾಕಿ ಬಿಗಿ ಮಾಡಿದೆವು; ಈಗಿನ ಬಟ್ಟೆ ಹತ್ತಿಯದಲ್ಲ, ಬಿಸಿಗೆ ಕುಗ್ಗುತ್ತದೆ. ಬೆರಳಲ್ಲಿ ಬಡಿದರೆ ತಬಲಾದ ಹಾಗೆ ನುಡಿಯುತ್ತಿತ್ತು. ಮೇಲೆ ಹಳದಿ ಬಣ್ಣ.

ಕೆಲಸವನ್ನು ಪರೀಕ್ಷೆ ಮಾಡುತ್ತಿದ್ದವನು ಅರ್ಲ್ ಎಂಬ ಮುದುಕ ಮೆಕ್ಯಾನಿಕ್. ಶನಿವಾರಗಳಲ್ಲಿ ಕಾಫಿ ಕುಡಿಯುತ್ತ ಹಳೆಯ ವಿಮಾನಗಳ ಕತೆ ಹೇಳುತ್ತಿದ್ದ, ಶೈಲಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಈ ಕರಡಿಮರಿಯ ಮೂಲದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರಂತೆ. ಒಬ್ಬ ನಕ್ಷೆ ಬರೆಯುವವನು, ಇನ್ನೊಬ್ಬ ಹಾರಿಸಿ ತೋರಿಸುವವನು. ಒಂದು ದಿನ ಹಾರಿಸುವವನು ತಮ್ಮದೇ ವಿಮಾನದಲ್ಲಿ ಬಿದ್ದು ಸತ್ತ. ಉಳಿದವನು ಬದುಕಿನುದ್ದಕ್ಕೂ ವಿಮಾನ ಮಾಡುತ್ತಲೇ ಇದ್ದ.

ನಾನು ಕಾಫಿ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಅರ್ಲ್ ಇನ್ನೊಂದು ಮಾತು ಹೇಳಿದ. ರೆಕ್ಕೆಯ ತುದಿಯಲ್ಲಿ ಬಾಗಿಲಿನಂತೆ ಏಳುವ, ಬೀಳುವ ಒಂದು ಹಲಗೆಯಿದೆ. ವಿಮಾನ ವಾಲುವುದು ಅದರಿಂದ. ಅದನ್ನು ಎಳೆಯುವ ತಂತಿ ರೆಕ್ಕೆಯೊಳಗಿನ ಸಣ್ಣ ರಾಟೆಗಳ ಮೇಲೆ ಓಡುತ್ತದೆ. ಒಳಗೆ ಏನಾದರೂ ಸಡಿಲವಾಗಿ ಜೋತು ರಾಟೆಗೆ ಸಿಕ್ಕಿಕೊಂಡರೆ ಹಾರಿಸುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ಒಂದ್ ಚಿಂದಿ ಬಟ್ಟಿ ಸೈತ ಇರಬಾರದಂತ, ಅಣ್ಣಾ," ಎಂದಳು ಶೈಲಾ, ನನ್ನ ಹೊಲಿಗೆಯನ್ನು ಹೆಮ್ಮೆಯಿಂದ ಸವರುತ್ತ. ನಾನು ತಲೆಯಾಡಿಸಿದೆ.

ಮೊದಲ ಹಾರಾಟ ಮುಂದಿನ ಶನಿವಾರವೆಂದು ಗೊತ್ತಾಯಿತು. ಆ ವಾರ ನಾನು ಹೊಲಿದ ಎರಡು ಬ್ಲೌಸುಗಳಿಗೆ ಎರಡೂ ಎಡತೋಳುಗಳೇ ಬಂದವು. ತಪ್ಪನ್ನು ಹೇಳಿಬಿಡುವುದನ್ನು ಬಿಟ್ಟು ಬೇರೆಲ್ಲ ಉಪಾಯ ಮಾಡಿದೆ.

"ಶನಿವಾರ ಬ್ಯಾಡ ಶೈಲಾ. ದಿನ ಚಲೋ ಇಲ್ಲ."

"ನಾನೇನು ಹೆಣ್ಣು ನೋಡಾಕ ಹೊಂಟೀನೇನು?"

"ಗಾಳಿ ಭಾಳ ಐತಂತ."

"ಯಾರು ಹೇಳಿದ್ರು?"

"ಬ್ಲೌಸ್ ತಗೊಳ್ಳಾಕ ಬಂದಿದ್ರಲ್ಲ, ಅವರು."

ಅವಳು ಫೋನಿನಲ್ಲಿ ಗಾಳಿಯ ವೇಗ ತೋರಿಸಿದಳು. ನನಗೆ ಮೊಣಕಾಲು ನೋವು ಎಂದೆ. ಕುಕ್ಕರಿನ ಪಕ್ಕದಲ್ಲೇ ನಿಲ್ಲಿಸಿ, ಮೊಣಕಾಲನ್ನು ಹಿಂದೆ ಮುಂದೆ ಮಡಿಸಿ, ಏನೂ ಆಗಿಲ್ಲ ಎಂದಳು. ಮನೆಯಲ್ಲಿ ಡಾಕ್ಟರಿದ್ದರೆ ಸುಳ್ಳು ಹೇಳುವುದೂ ಕಷ್ಟ.

ಶನಿವಾರ ಬೆಳಗ್ಗೆ ಅವಳು ಹಿಂದಿನ ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡಳು. ಒಬ್ಬರೇ ಹಾರುವಾಗ ಹಿಂದೆಯೇ ಕೂರಬೇಕಂತೆ. ಅರ್ಲ್ ಮುಂದಿನ ಪಂಖವನ್ನು ಕೈಯಲ್ಲೇ ತಿರುಗಿಸಲು ಬಂದು ನಿಂತ. ನಾನು ಹೋಗಿ ರೆಕ್ಕೆಯ ಆನಿಕೆಯ ಕೊಳವೆಯನ್ನು ತಬ್ಬಿಕೊಂಡೆ.

"ಇಳಿ," ಎಂದೆ.

"ಏನಾತು?"

"ಮಾರ್ಜಿನ್ ಬಿಟ್ಟೀನಿ."

"ಎಲ್ಲೆ?"

"ರೆಕ್ಕಿ ಒಳಗ. ಒಂದೂವರಿ ಇಂಚು."

ಅವಳು ನನ್ನನ್ನೇ ನೋಡಿದಳು. "ಯಾಕ? ವಿಮಾನ ಮುಂದ ದಪ್ಪ ಆಗ್ತದಂತ ತಿಳಿದಿದ್ದೇನು?"

ಅರ್ಲ್ ರೆಕ್ಕೆಯ ಕೆಳಗಿನ ಕಿಂಡಿಯ ಮುಚ್ಚಳ ತೆಗೆದು, ಕನ್ನಡಿಯನ್ನೂ ಟಾರ್ಚನ್ನೂ ಒಳಗೆ ತೂರಿಸಿ ಬಹಳ ಹೊತ್ತು ನೋಡಿದ. ಹೊರಗೆ ಬಂದಾಗ ಅವನ ಮುಖ ಕೆಂಪಾಗಿತ್ತು. ಹಿಂದೆಯೇ ಅದನ್ನು ಕಂಡಿದ್ದನಂತೆ, ಹೆಮ್ಮಿಂಗ್ ಅಷ್ಟು ಸಪಾಟಾಗಿದ್ದರಿಂದ ಬಲಕ್ಕಾಗಿ ಅಂಟಿಸಿದ ಪಟ್ಟಿ ಎಂದುಕೊಂಡನಂತೆ. ಈಗ ಒಂದು ಕಡೆ ದಾರ ಕಿತ್ತು ಗೇಣುದ್ದದ ಬಟ್ಟೆ ಜೋತಿತ್ತು. ರಾಟೆ ಅದರಿಂದ ನಾಲ್ಕೇ ಬೆರಳು ದೂರ. ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಶೈಲಾ ಬೈಯುತ್ತಾಳೆಂದು ಕಾದೆ. ಅವಳು ಬಂದು ಪಕ್ಕದಲ್ಲಿ ಕೂತಳು. "ಮಾರ್ಜಿನ್ ಬಿಟ್ಟಿದ್ದಕ್ಕ ಸಿಟ್ಟಿಲ್ಲ ನನಗ. ನನ್ನ ಪೇಷಂಟ್ಸೂ ಹಿಂಗ ತಲಿ ಆಡಸ್ತಾರ. ಮನಿಗೆ ಹೋಗಿ ಮೂರು ಹೊತ್ತಿನ ಗುಳಿಗಿ ಒಮ್ಮೆಲೇ ನುಂಗ್ತಾರ. ತಿಳೀಲಿಲ್ಲ ಅನ್ನಾಕ ಏನು ಧಾಡಿ, ಅಣ್ಣಾ?"

"ನೀ ಡಾಕ್ಟರ್ ಇದ್ದೀ," ಎಂದೆ. "ನಿನ್ನ ಮುಂದ ಹೆಂಗ ಅನ್ನಲಿ?"

ಅವಳು ಎದ್ದು ಹೋಗಿ ಕಾರಿನಿಂದ ಆ ನಾಲ್ಕು ಹಾಳೆ ತಂದಳು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಅರ್ಲ್ ಬಕೆಟ್ಟು ಬೋರಲು ಹಾಕಿಕೊಂಡು ಕೂತು ಕಾದ. ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕೆಂದು ಎರಡನೆಯ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕತ್ತರಿಯ ಚಿತ್ರ ಹಾಕಿದ್ದರೆ ಈ ಪಾಡು ಬರುತ್ತಿರಲಿಲ್ಲ. ಆ ಬೆಳಗ್ಗೆ ನಾನು ಹನ್ನೊಂದು ಸಲ "ತಿಳೀಲಿಲ್ಲ" ಎಂದೆ. ಮೊದಲನೆಯದಕ್ಕೆ ಬೆವರಿದೆ. ಹನ್ನೊಂದನೆಯ ಹೊತ್ತಿಗೆ ಬಿಗಿ ಅಂಗಿಯ ಗುಂಡಿ ಬಿಚ್ಚಿದಂತೆ ಹಗುರವಾಗಿ ಉಸಿರಾಡುತ್ತಿದ್ದೆ.

ರೆಕ್ಕೆಯನ್ನು ಸೀಳಿ, ಮಾರ್ಜಿನ್ ಕತ್ತರಿಸಿ, ತೇಪೆ ಹಾಕಿ, ಬಣ್ಣ ಬಳಿಯಲು ಮೂರು ವಾರ ಹಿಡಿಯಿತು. ಫ್ರಿಸ್ಕೋದ ಬ್ಲೌಸುಗಳು ಕಾದವು. ನಾಲ್ಕನೆಯ ವಾರ ಅರ್ಲ್ ಮತ್ತೆ ಕನ್ನಡಿ ಹಾಕಿ ನೋಡಿ, ಈ ಸಲ ಕೈಯನ್ನೂ ತೂರಿಸಿ ತಡವಿ, ಸರಿ ಎಂದ. ಶೈಲಾ ಹಾರಿದಳು. ಹಳದಿ ಕರಡಿಮರಿ ಹುಲ್ಲಿನ ಮೇಲೆ ಎರಡು ಸಲ ಕುಪ್ಪಳಿಸಿ ಎದ್ದು, ಕೆರೆಯ ಕಡೆ ಹೋಗಿ, ಸುತ್ತಿ ಬಂದು, ನಮ್ಮ ತಲೆಯ ಮೇಲೆ ಸುಲಭವಾಗಿ ವಾಲಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಅರ್ಲ್ ಬೆನ್ನು ತಟ್ಟಿದ.

ಕೆಳಗಿಳಿದು ಬಂದವಳೇ ಶೈಲಾ ಕೇಳಿದಳು: "ಕೈ ಬೀಸಿದೆ, ನೋಡಿದೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲವಾ," ಎಂದೆ. "ಬಲಗಡಿ ರೆಕ್ಕಿ ಹೊಲಿಗಿ ಎಷ್ಟು ನೆಟ್ಟಗ ಬಂದೈತಿ ಅಂತ ನೋಡಾಕತ್ತಿದ್ದೆ."